ಗೊಬ್ಬರ ಇದೆ, ಗಿಡಕ್ಕೆ ಸೇರುತ್ತಿಲ್ಲ: ಬೇರಿನ ಬಾಗಿಲಲ್ಲಿ ದೋಷ ಹುಡುಕುವ ಕ್ರಮ

ಗೊಬ್ಬರದ ನೀರು ತುಂಬಿದ ಬಕೆಟ್ಟಿನಲ್ಲಿ ಬೇರು ಇಳಿಬಿಟ್ಟುಕೊಂಡು ಬೆಳೆಯುತ್ತಿದ್ದ ನನ್ನ ಟೊಮೆಟೊ ಗಿಡ ಒಂದು ಮಧ್ಯಾಹ್ನ ಬಾಡಿ ನಿಂತಿತ್ತು. ಬೇರು ನೀರಲ್ಲೇ ಇದೆ. ನೀರಲ್ಲಿ ಗೊಬ್ಬರವೂ ಇದೆ. ಆದರೂ ಎಲೆಗಳು ನಾಲ್ಕು ದಿನ ನೀರು ಕಾಣದ ಹಾಗೆ ಜೋತು ಬಿದ್ದಿದ್ದವು. ಗೊಬ್ಬರ ಸಾಲದೇನೋ ಅಂತ ಇನ್ನೊಂದು ಅಳತೆ ಸುರಿದೆ. ಮರುದಿನ ಪರಿಸ್ಥಿತಿ ಇನ್ನೂ ಕೆಟ್ಟಿತು. ಮೂರನೇ ದಿನ ಬಕೆಟ್ ಎತ್ತಿ ಪಕ್ಕಕ್ಕಿಡುವಾಗ ಗೊತ್ತಾಯಿತು: ನೀರಿಗೆ ಗಾಳಿ ಊದುವ ಪುಟ್ಟ ಪಂಪ್ ಕೆಟ್ಟು ನಿಂತಿದೆ, ಒಂದು ಗುಳ್ಳೆಯೂ ಬರುತ್ತಿಲ್ಲ.

ಬೇರಿನ ಪಕ್ಕದಲ್ಲಿ ಇರುವುದು ಬೇರೆ, ಬೇರಿನ ಒಳಗೆ ಹೋಗುವುದು ಬೇರೆ. ನಡುವೆ ಜೀವಕೋಶದ ಪೊರೆ ಇದೆ. ಅದು ಎಣ್ಣೆಯಂಥ ಪದರ, ಉಪ್ಪಿನಂಶಗಳನ್ನು ತಾನಾಗಿ ಒಳಗೆ ಬಿಡುವುದಿಲ್ಲ. ಆ ಪೊರೆಯಲ್ಲಿ ನೆಟ್ಟ ಸಾಗಣೆ ಪ್ರೋಟೀನುಗಳೇ ಬಾಗಿಲುಗಳು. ಕೋಶಗಳ ಸಂದಿಯಲ್ಲಿ ನುಸುಳಿ ಹೋಗೋಣ ಅಂದರೂ ಬೇರಿನ ಒಳಸುತ್ತಿನಲ್ಲಿ ಕ್ಯಾಸ್ಪರಿಯನ್ ಪಟ್ಟಿ ಅನ್ನುವ ಗಟ್ಟಿ ತಡೆ ಸಿಗುತ್ತದೆ, ಹಾಗಾಗಿ ಮಣ್ಣಿನಿಂದ ಎಲೆಗೆ ಹೊರಟ ಹೆಚ್ಚುಕಡಿಮೆ ಎಲ್ಲವೂ ಒಂದಲ್ಲ ಒಂದು ಕಡೆ ಇಂಥ ಬಾಗಿಲು ದಾಟಲೇಬೇಕು. ಎಲೆ ಹಳದಿಯಾದಾಗ ಗೊಬ್ಬರದ ಚೀಲ ಬಿಚ್ಚುವ ಮೊದಲು ಯಾವ ಬಾಗಿಲು ಯಾಕೆ ಸಿಕ್ಕಿಕೊಂಡಿದೆ ಅಂತ ನೋಡಿ.

ಮೊದಲು ಮೇನ್ ಸ್ವಿಚ್ ಗೊತ್ತಿರಲಿ

ಬಾಗಿಲುಗಳಲ್ಲಿ ಮೂರು ಬಗೆ. ಪಂಪುಗಳು ಶಕ್ತಿ ಖರ್ಚು ಮಾಡಿ ತಳ್ಳುತ್ತವೆ. ಕಾಲುವೆಗಳು ತೆರೆದರೆ ಸೆಕೆಂಡಿಗೆ ಲಕ್ಷಾಂತರ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಹರಿಯುತ್ತವೆ. ಮೂರನೆಯವು ಒಂದೊಂದನ್ನೇ ಕೈಹಿಡಿದು ದಾಟಿಸುವ ಸಾಗಣೆಗಾರರು, ಇವು ತುಂಬ ನಿಧಾನ.

ಇವೆಲ್ಲದರ ಹಿಂದೆ ಒಂದು ಯಂತ್ರ ಓಡುತ್ತಿರುತ್ತದೆ, ಪ್ರೋಟಾನ್ ಪಂಪ್. ಉಸಿರಾಟದಿಂದ ಬಂದ ಎಟಿಪಿ ಎಂಬ ಶಕ್ತಿಯ ಅಣುವನ್ನು ಸುಟ್ಟು ಇದು ಪ್ರೋಟಾನುಗಳನ್ನು, ಅಂದರೆ ಹುಳಿ ತರುವ ಧನ ವಿದ್ಯುದಂಶದ ಹೈಡ್ರೋಜನ್ ಕಣಗಳನ್ನು, ಕೋಶದಿಂದ ಹೊರಗೆ ದೂಡುತ್ತಲೇ ಇರುತ್ತದೆ. ಹೊರಗೆ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5 ಇದ್ದರೆ ಒಳಗೆ 7.2ರ ಆಸುಪಾಸು. ಜೊತೆಗೆ ಕೋಶದ ಒಳಭಾಗ ಹೊರಗಿಗಿಂತ 100 ಮಿಲಿವೋಲ್ಟಿಗೂ ಜಾಸ್ತಿ ಋಣವಾಗುತ್ತದೆ. ಈ ಸೆಳೆತದಿಂದಲೇ ಧನ ವಿದ್ಯುದಂಶದ ಪೊಟ್ಯಾಷಿಯಂ ಎಕೆಟಿ1 ಕಾಲುವೆಯಲ್ಲಿ ಒಳಗೆ ಬರುತ್ತದೆ. ನೈಟ್ರೇಟ್ ಕಥೆ ಕಷ್ಟದ್ದು. ಅದು ತಾನೇ ಋಣ, ಒಳಗಿನ ಋಣ ಅದನ್ನು ಹೊರಗೆ ನೂಕುತ್ತದೆ. ಅದಕ್ಕೇ ಒಂದು ನೈಟ್ರೇಟ್ ಎರಡು ಪ್ರೋಟಾನುಗಳ ಕೈಹಿಡಿದು ಅವುಗಳ ರಭಸದಲ್ಲಿ ಒಳಗೆ ನುಗ್ಗುತ್ತದೆ. ರಂಜಕವೂ ಹೀಗೆಯೇ ಪ್ರೋಟಾನಿನ ಜೊತೆ ಬರುವುದು.

ಅಂದರೆ ಪ್ರೋಟಾನ್ ಪಂಪ್ ನಿಂತರೆ ಒಂದೇ ಪೋಷಕಾಂಶ ಅಲ್ಲ, ಸಾಲಾಗಿ ಎಲ್ಲವೂ ನಿಲ್ಲುತ್ತವೆ. ಒಂದು ಗಿಡದಲ್ಲಿ ಸಾರಜನಕ, ರಂಜಕ, ಪೊಟ್ಯಾಷಿಯಂ ಮೂರರ ಕೊರತೆಯೂ ಒಟ್ಟಿಗೆ ಕಾಣುತ್ತಿದೆ, ಗೊಬ್ಬರ ಮಾತ್ರ ಸರಿಯಾಗಿಯೇ ಹಾಕಿದ್ದೀರಿ ಅಂದರೆ ಮೂರು ದೋಷ ಹುಡುಕಬೇಡಿ. ಬೇರಿನ ಉಸಿರನ್ನು ನೋಡಿ.

ಬೇರು ಉಸಿರಾಡುತ್ತಿದೆಯಾ?

ಇದು ಯಾವಾಗಲೂ ಮೊದಲ ಪರೀಕ್ಷೆ. ಕುಂಡದ ಗಿಡವಾದರೆ ಮೆಲ್ಲಗೆ ಬುಡ ಸಮೇತ ಹೊರತೆಗೆಯಿರಿ, ಬಕೆಟ್ಟಾದರೆ ಸುಮ್ನೆ ಎತ್ತಿದರೆ ಸಾಕು. ಒಳ್ಳೆಯ ಬೇರು ಬಿಳಿಯಾಗಿ ಅಥವಾ ಕೆನೆ ಬಣ್ಣದಲ್ಲಿ ಇರುತ್ತದೆ, ಎಳೆದರೆ ಗಟ್ಟಿಯಾಗಿರುತ್ತದೆ. ಉಸಿರುಗಟ್ಟಿದ ಬೇರು ಕಂದಾಗಿ, ಮುಟ್ಟಿದರೆ ಲೋಳೆ, ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂದು ಒಳಗಿನ ದಾರದಂಥ ನಡುಭಾಗ ಮಾತ್ರ ಉಳಿಯುತ್ತದೆ. ಕೊಳೆತ ವಾಸನೆ ಇದ್ದರೆ ಇನ್ನೇನೂ ಕೇಳಬೇಕಿಲ್ಲ.

ನೀರಲ್ಲಿ ಮುಳುಗಿದ ಗಿಡ ಯಾಕೆ ಬಾಡುತ್ತದೆ ಅನ್ನುವುದು ನನ್ನನ್ನು ಬಹಳ ದಿನ ಕಾಡಿತ್ತು. ನೀರು ಪೊರೆ ದಾಟುವುದಕ್ಕೂ ಅದರದ್ದೇ ಬಾಗಿಲುಗಳಿವೆ, ಆಕ್ವಾಪೋರಿನ್ ಅಂತ. ಮನುಷ್ಯನ ಕೆಂಪು ರಕ್ತಕಣದಲ್ಲಿ ಇವನ್ನು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು, ಗಿಡಗಳಲ್ಲಿ ಇವು ಇನ್ನೂ ಹೆಚ್ಚು ಬಗೆಯಲ್ಲಿವೆ. ಆಮ್ಲಜನಕ ಇಲ್ಲದೆ ಉಸಿರಾಟ ನಿಂತಾಗ ಬೇರಿನ ಕೋಶದ ಒಳಗೆ ಹುಳಿ ಏರುತ್ತದೆ. ಆಗ ಆಕ್ವಾಪೋರಿನ್ನಿನ ಹಿಸ್ಟಿಡಿನ್ ಎಂಬ ಒಂದು ಅಮೈನೋ ಆಮ್ಲದ ತುಣುಕಿಗೆ ಪ್ರೋಟಾನ್ ಅಂಟಿಕೊಂಡು ಬಾಗಿಲು ಒಳಗಿನಿಂದಲೇ ಮುಚ್ಚಿಕೊಳ್ಳುತ್ತದೆ. ಸುತ್ತ ನೀರಿದ್ದರೂ ಒಳಗೆ ನೀರಿಲ್ಲ. ಇಂಥ ಗಿಡಕ್ಕೆ ಬಾಡಿದೆ ಅಂತ ಇನ್ನಷ್ಟು ನೀರು ಹಾಕುವುದು ಎಷ್ಟು ದೊಡ್ಡ ತಪ್ಪು, ಅಲ್ವಾ?

ಪರಿಹಾರ ಒಂದೇ, ಗಾಳಿ. ಕುಂಡದ ತೂತು ಕಟ್ಟಿದ್ದರೆ ಬಿಡಿಸಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಮೇಲ್ಮಣ್ಣು ಒಣಗುವ ತನಕ ನೀರು ಹಾಕಬೇಡಿ. ಆ ದಿನಗಳಲ್ಲಿ ಗೊಬ್ಬರ ಬೇಡವೇ ಬೇಡ.

ಮಣ್ಣು ತಣ್ಣಗಿದ್ದರೂ ಇದೇ ಕಾಯಿಲೆಯ ಚಿಕ್ಕ ರೂಪ ಕಾಣುತ್ತದೆ. ಸಸಿಯ ಎಲೆಯ ಅಡಿಭಾಗ ನೇರಳೆಯಾಗುತ್ತದೆ, ಅದು ರಂಜಕ ಸಾಲದ ಗುರುತು. ಮಣ್ಣಿನ ನೀರಿನಲ್ಲಿ ರಂಜಕ ಮೊದಲೇ ತೀರಾ ಕಡಿಮೆ, ಸಾಮಾನ್ಯವಾಗಿ 10 ಮೈಕ್ರೋಮೋಲಾರಿಗಿಂತ ಕೆಳಗೆ. ಕೋಶದ ಒಳಗೆ ಅದರ ನೂರಾರು ಪಟ್ಟು. ಇಷ್ಟು ಏರು ಹತ್ತಿಸುವ ಕೆಲಸ ತಣ್ಣಗಿನ ಬೇರಿಗೆ ಆಗುವುದಿಲ್ಲ. ಬಿಸಿಲು ಹತ್ತಿದ ಮೇಲೆ ಹೊಸ ಎಲೆ ಹಸಿರಾಗಿಯೇ ಬಂದರೆ ರಂಜಕ ಕೊಡುವ ಅಗತ್ಯವೇ ಇರಲಿಲ್ಲ ಅಂತ ತಿಳಿಯಿರಿ.

ಹಳೆ ಎಲೆಯೋ, ಹೊಸ ಎಲೆಯೋ?

ಬೇರು ಚೆನ್ನಾಗಿದೆ ಅಂದಮೇಲೆ ಗಿಡದ ಎದುರು ಕೂತು ನೋಡಬೇಕಾದ್ದು ಇದನ್ನೇ. ಸಾರಜನಕ, ರಂಜಕ, ಪೊಟ್ಯಾಷಿಯಂ, ಮೆಗ್ನೀಷಿಯಂ ನಾಲ್ಕನ್ನೂ ಗಿಡ ಹಳೆ ಎಲೆಯಿಂದ ಕಿತ್ತು ಫ್ಲೋಯಂ ಎಂಬ ಆಹಾರ ಸಾಗಿಸುವ ನಾಳದ ಮೂಲಕ ಚಿಗುರಿಗೆ ಕಳಿಸಬಲ್ಲದು. ಅವು ಸಾಲದಾದಾಗ ಕೆಳಗಿನ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹಾಗೆ ಸುಲಭವಾಗಿ ಹೊರಡುವುದಿಲ್ಲ, ಬೋರಾನ್ ಕೂಡ ಹೆಚ್ಚಿನ ಗಿಡಗಳಲ್ಲಿ ಅಷ್ಟೇ. ಇವುಗಳ ಕೊರತೆ ತುದಿಯ ಚಿಗುರಿನಲ್ಲೇ ಕಾಣುತ್ತದೆ.

ಕೆಳಗಿನ ಎಲೆ ಪೂರ್ತಿ ಹಳದಿ ಆದರೆ ಸಾರಜನಕ. ಕೆಳಗಿನ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಇದ್ದರೆ ಮೆಗ್ನೀಷಿಯಂ. ಅದೇ ಚಿತ್ರ ಚಿಗುರೆಲೆಯಲ್ಲಿ ಕಂಡರೆ ಕಬ್ಬಿಣ ಇರಬಹುದು. ಫೋಟೊದಲ್ಲಿ ಒಂದೇ ಎಲೆ ತೋರಿಸಿ ಏನಾಗಿದೆ ಅಂತ ಕೇಳುವವರಿಗೆ ಉತ್ತರ ಹೇಳಲಾಗದೇ ಇರುವುದು ಇದಕ್ಕೇ, ಆ ಎಲೆ ಗಿಡದಲ್ಲಿ ಎಲ್ಲಿತ್ತು ಅನ್ನುವುದೇ ಅರ್ಧ ಉತ್ತರ.

ಚಿಗುರು ಹಳದಿ, ನರ ಹಸಿರು

ನಾನು ಅತಿ ಹೆಚ್ಚು ಕಂಡ ದೋಷ ಇದು. ಇದರಲ್ಲಿ ಗೊಬ್ಬರ ಹಾಕಿ ಸೋತವರೂ ಜಾಸ್ತಿ.

ಮಣ್ಣಿನಲ್ಲಿ ಕಬ್ಬಿಣಕ್ಕೆ ಬರ ಇರುವುದು ತೀರಾ ಅಪರೂಪ. ಆದರೆ ಅದು ಇರುವುದು ತುಕ್ಕಿನ ರೂಪದಲ್ಲಿ, ಮೂರು ಧನ ವಿದ್ಯುದಂಶದ ಫೆರಿಕ್ ಆಗಿ. ಪಿಎಚ್ ಒಂದು ಅಂಕಿ ಮೇಲೇರಿದರೆ ಫೆರಿಕ್ ಕರಗುವಿಕೆ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಟೊಮೆಟೊ, ಹುರುಳಿಯಂಥ ಗಿಡಗಳು ಇದಕ್ಕೆ ಮೂರು ಕೆಲಸ ಮಾಡುತ್ತವೆ. ಪ್ರೋಟಾನ್ ಪಂಪಿನಿಂದ ಬೇರಿನ ಸುತ್ತ ಹುಳಿ ಹರಡುತ್ತವೆ. ಕರಗಿದ ಫೆರಿಕ್ಕನ್ನು ಬೇರಿನ ಮೇಲ್ಮೈಯಲ್ಲಿ ಎಫ್‌ಆರ್‌ಒ2 ಎಂಬ ಕಿಣ್ವ ಎರಡು ಧನ ವಿದ್ಯುದಂಶದ ಫೆರಸ್ ಮಾಡುತ್ತದೆ. ಆಮೇಲೆ ಐಆರ್‌ಟಿ1 ಎಂಬ ಬಾಗಿಲು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಈ ಬಾಗಿಲನ್ನು ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡದಲ್ಲಿ ಗುರುತಿಸಿದ್ದು 1996ರಲ್ಲಿ.

ಸುಣ್ಣದ ಮಣ್ಣಿನಲ್ಲಿ, ಗಡಸು ನೀರಿನಲ್ಲಿ ಕೆಡುವುದು ಮೊದಲ ಹೆಜ್ಜೆಯೇ. ಬೇರು ಬಿಟ್ಟ ಹುಳಿಯನ್ನೆಲ್ಲ ಬೈಕಾರ್ಬನೇಟ್ ನುಂಗಿ ಹಾಕುತ್ತದೆ. ಗಿಡ ದುಡಿಯುತ್ತಲೇ ಇದೆ, ಫಲ ಮಾತ್ರ ಇಲ್ಲ.

ಇದು ಕಬ್ಬಿಣದ್ದೇ ದೋಷವಾ ಅಂತ ಖಾತ್ರಿ ಮಾಡಿಕೊಳ್ಳಲು ನಾನು ನೆಚ್ಚುವ ಪರೀಕ್ಷೆ ಹೀಗಿದೆ. ಸ್ವಲ್ಪ ಫೆರಸ್ ಸಲ್ಫೇಟನ್ನು ನೀರಲ್ಲಿ ತುಂಬ ತೆಳ್ಳಗೆ ಕರಗಿಸಿ, ಒಂದು ಹನಿ ಪಾತ್ರೆ ಸೋಪು ಸೇರಿಸಿ, ಹಳದಿ ಚಿಗುರೆಲೆಯ ಒಂದು ಅರ್ಧಕ್ಕೆ ಮಾತ್ರ ಬ್ರಷ್ಷಿನಿಂದ ಬಳಿಯಿರಿ. ಸಂಜೆ ಹೊತ್ತಾದರೆ ಒಳ್ಳೆಯದು. ಕೆಲವು ದಿನಗಳಲ್ಲಿ ಬಳಿದ ಕಡೆ ಹಸಿರು ಚುಕ್ಕೆಗಳು ಎದ್ದು ಬಂದು ಬಳಿಯದ ಕಡೆ ಹಾಗೇ ಹಳದಿ ಉಳಿದರೆ ಸಂಶಯ ಬೇಡ, ಎಲೆಗೆ ಕಬ್ಬಿಣ ತಲುಪುತ್ತಿಲ್ಲ. ಒಂದೇ ಎಲೆಯಲ್ಲಿ ಎರಡು ಬಣ್ಣ ಕಾಣುವುದು ಎಂಥವರಿಗೂ ನಂಬಿಕೆ ತರುತ್ತದೆ.

ಆಮೇಲೆ ಪಿಎಚ್ ಇಳಿಸಿ. ಮಣ್ಣಿನಲ್ಲಿ ಇಳಿಸುವುದು ಕಷ್ಟವಾದರೆ ಚೀಲೇಟ್ ರೂಪದ ಕಬ್ಬಿಣ (ಕರಗಿಯೇ ಉಳಿಯುವಂತೆ ಇನ್ನೊಂದು ವಸ್ತು ಹಿಡಿದಿಟ್ಟ ಕಬ್ಬಿಣ) ಕೊಡಿ, ಆದರೆ ಯಾವ ಚೀಲೇಟ್ ಅಂತ ಡಬ್ಬಿಯ ಮೇಲೆ ಓದಿ. ಇಡಿಟಿಎ ಹುಳಿ ಮಣ್ಣಿಗೆ ಸರಿ, ಪಿಎಚ್ 7 ದಾಟಿದ ಮಣ್ಣಿನಲ್ಲಿ ಅದು ಕಬ್ಬಿಣವನ್ನು ಕೈಬಿಡುತ್ತದೆ. ಅಲ್ಲಿಗೆ ಇಡಿಡಿಎಚ್‌ಎ ಬೇಕು.

ಜೋಳ, ಗೋಧಿ, ಭತ್ತದಂಥ ಹುಲ್ಲಿನ ಜಾತಿಯವು ಬೇರೆ ದಾರಿ ಹಿಡಿದಿವೆ. ಬೇರಿನಿಂದ ಮ್ಯುಜಿನೀಯಿಕ್ ಆಮ್ಲದ ಗುಂಪಿನ ವಸ್ತುಗಳನ್ನು ಹೊರಬಿಟ್ಟು, ಫೆರಿಕ್ಕನ್ನು ಅಪ್ಪಿ ಹಿಡಿಸಿ, ಆ ಜೋಡಿಯನ್ನೇ ಇಡಿಯಾಗಿ ಒಳಗೆ ಎಳೆಯುತ್ತವೆ. ಒಂದೇ ಮಣ್ಣಿನಲ್ಲಿ ಹುರುಳಿ ಹಳದಿಯಾಗಿ ಪಕ್ಕದ ಗೋಧಿ ಹಸಿರಾಗಿದ್ದರೆ ಆಶ್ಚರ್ಯ ಪಡಬೇಡಿ.

ಐಆರ್‌ಟಿ1 ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಈ ಬಾಗಿಲಿಗೆ ಗುರುತು ಹಿಡಿಯುವುದು ಸರಿಯಾಗಿ ಬರುವುದಿಲ್ಲ. ಕಬ್ಬಿಣಕ್ಕಾಗಿ ತೆರೆದಾಗ ಸತು, ಮ್ಯಾಂಗನೀಸ್, ಕೋಬಾಲ್ಟ್ ಕೂಡ ನುಗ್ಗುತ್ತವೆ, ಜೊತೆಗೆ ಕ್ಯಾಡ್ಮಿಯಂ. ಕಾರ್ಖಾನೆಯ ಕೊಳೆ ಸೇರಿದ ಮಣ್ಣಿನಲ್ಲಿ ಸೊಪ್ಪು ತರಕಾರಿ ಬೆಳೆದು, ಅದಕ್ಕೆ ಕಬ್ಬಿಣದ ಹಸಿವನ್ನೂ ಉಳಿಸಿದರೆ ಗಿಡ ವಿಷವನ್ನೇ ಜಾಸ್ತಿ ಎಳೆದುಕೊಳ್ಳಬಹುದು. ಭತ್ತದಲ್ಲಿ ಇಂಥದ್ದೇ ಇನ್ನೊಂದು ಇದೆ. ಸಿಲಿಕಾನ್ ಒಳಗೆ ತರುವ ಎಲ್‌ಎಸ್‌ಐ1 ಬಾಗಿಲಿನಲ್ಲೇ ಆರ್ಸೆನಿಕ್ ವಿಷದ ಒಂದು ರೂಪವಾದ ಆರ್ಸೆನೈಟ್ ಕೂಡ ಬರುತ್ತದೆ, ಹಾಗಾಗಿ ನೀರು ತುಂಬಿ ನಿಂತ ಗದ್ದೆಯ ಅಕ್ಕಿಯಲ್ಲಿ ಆರ್ಸೆನಿಕ್ ಏರುತ್ತದೆ.

ಬಾಗಿಲ ಮುಂದೆ ನೂಕುನುಗ್ಗಲು

ಒಂದನ್ನು ಅತಿಯಾಗಿ ಹಾಕಿದರೆ ಇನ್ನೊಂದು ಹೊರಗೇ ಉಳಿಯುತ್ತದೆ. ಅಮೋನಿಯಂ ಗೊಬ್ಬರ ಜಾಸ್ತಿಯಾದರೆ ಪೊಟ್ಯಾಷಿಯಂ ಹೀರುವಿಕೆ ಕುಗ್ಗುತ್ತದೆ. ಪೊಟ್ಯಾಷಿಯಂ ಜಾಸ್ತಿಯಾದರೆ ಮೆಗ್ನೀಷಿಯಂ ಸೋಲುತ್ತದೆ. ಹಣ್ಣು ಚೆನ್ನಾಗಿ ಬರಲಿ ಅಂತ ವಾರವಾರ ಪೊಟ್ಯಾಷ್ ಕೊಟ್ಟ ಗಿಡದ ಕೆಳಗಿನ ಎಲೆಗಳಲ್ಲಿ ಮೆಗ್ನೀಷಿಯಂ ಹಳದಿ ಕಂಡರೆ ಮದ್ದು ಪೊಟ್ಯಾಷ್ ನಿಲ್ಲಿಸುವುದು. ಮೆಗ್ನೀಷಿಯಂ ಸಲ್ಫೇಟ್ ಸಿಂಪಡಣೆ ಆಮೇಲಿನ ಮಾತು.

ನೈಟ್ರೇಟ್ ಬಾಗಿಲನ್ನು ಪತ್ತೆ ಮಾಡಿದ್ದೇ ಇಂಥ ಒಂದು ತಪ್ಪು ಗುರುತಿನಿಂದ. ಕ್ಲೋರೇಟ್ ನೈಟ್ರೇಟಿನ ಹಾಗೇ ಕಾಣುತ್ತದೆ, ಒಳಗೆ ಹೋದರೆ ಗಿಡವನ್ನು ಕೊಲ್ಲುತ್ತದೆ. ಕ್ಲೋರೇಟ್ ಹಾಕಿದರೂ ಸಾಯದ ಅರಾಬಿಡಾಪ್ಸಿಸ್ ಗಿಡದಲ್ಲಿ ಆ ಬಾಗಿಲೇ ಕೆಟ್ಟಿತ್ತು. ಅದರ ಜಾಡು ಹಿಡಿದು 1993ರಲ್ಲಿ ಎನ್‌ಆರ್‌ಟಿ1.1 ಜೀನ್ ಸಿಕ್ಕಿತು. ಈ ಪ್ರೋಟೀನು ಎರಡು ಗೇರಿನಲ್ಲಿ ಓಡುತ್ತದೆ. ನೈಟ್ರೇಟ್ ಧಾರಾಳವಾಗಿದ್ದಾಗ ಸಡಿಲ ಹಿಡಿತ, ಬರ ಬಂದಾಗ ಅದರ 101ನೇ ಜಾಗದ ಥ್ರಿಯೊನಿನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಫಾಸ್ಫೇಟ್ ಅಂಟಿ ಬಿಗಿ ಹಿಡಿತ. ಗಿಡ ತನ್ನ ಬಾಗಿಲನ್ನು ತಾನೇ ಹೊಂದಿಸಿಕೊಳ್ಳುತ್ತದೆ, ನಾವು ಸ್ವಲ್ಪ ಕಡಿಮೆ ಹಾಕಿದರೆ ಪ್ರಪಂಚವೇನೂ ಮುಳುಗುವುದಿಲ್ಲ.

ಬೋರಾನಿನಲ್ಲಂತೂ ಊಹೆ ಮಾಡಿ ಹಾಕಲೇಬೇಡಿ. ಸಾಲದ ಅಳತೆಗೂ ವಿಷವಾಗುವ ಅಳತೆಗೂ ನಡುವಿನ ಅಂತರ ತೀರಾ ಕಿರಿದು. 2002ರಲ್ಲಿ ಸಿಕ್ಕ ಬಿಒಆರ್1 ಎಂಬ ಬೋರಾನ್ ಸಾಗಣೆಗಾರನನ್ನು ಬೋರಾನ್ ಹೆಚ್ಚಾದಾಗ ಕೋಶ ಪೊರೆಯಿಂದ ಒಳಗೆ ಎಳೆದು ಚೂರು ಮಾಡಿಬಿಡುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದ ಮೇಲಷ್ಟೇ ಕೈಹಾಕಿ.

ಟೊಮೆಟೊ ಹಣ್ಣಿನ ತುದಿ ಕಪ್ಪಾದರೆ

ಹಣ್ಣಿನ ತುದಿಯಲ್ಲಿ ಕಪ್ಪು, ಚರ್ಮದಂಥ ಕೊಳೆ. ಕ್ಯಾಲ್ಸಿಯಂ ಕೊರತೆ ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿಯೇ, ಆದರೆ ಮಣ್ಣಿನಲ್ಲಿ ಕೊರತೆ ಅಂತ ಅಲ್ಲ. ಕ್ಯಾಲ್ಸಿಯಂ ಮೇಲೇರುವುದು ಕ್ಸೈಲಂ ಎಂಬ ನಾಳದಲ್ಲಿ ಏರುವ ನೀರಿನ ಜೊತೆ. ಎಲೆ ಬಿಸಿಲಲ್ಲಿ ನೀರು ಆವಿ ಮಾಡುತ್ತದೆ, ಕ್ಯಾಲ್ಸಿಯಂ ಆ ಕಡೆ ಓಡುತ್ತದೆ. ಮೇಣದ ಸಿಪ್ಪೆ ಹೊದ್ದ ಹಣ್ಣು ಹೆಚ್ಚೇನೂ ಆವಿ ಮಾಡುವುದಿಲ್ಲ, ಅದರ ಪಾಲಿಗೆ ಉಳಿದದ್ದು ಅಷ್ಟಿಷ್ಟು. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿ ನೀರು ಕೊಟ್ಟರೆ ಅದೂ ತಪ್ಪುತ್ತದೆ.

ಕೋಶದ ಒಳಗಿನ ಹಂಚಿಕೆಯೂ ಮುಖ್ಯ. ಅರಾಬಿಡಾಪ್ಸಿಸ್‌ನ ಸಿಎಎಕ್ಸ್1 ಎಂಬ ಪ್ರೋಟೀನು ಕ್ಯಾಲ್ಸಿಯಂ ಅನ್ನು ಕೋಶದ ಒಳಚೀಲಕ್ಕೆ ತುಂಬುತ್ತದೆ. ಸದಾ ಕೆಲಸ ಮಾಡುವ ಹಾಗೆ ಬದಲಿಸಿದ ಅದರ ರೂಪವನ್ನು ಟೊಮೆಟೊಗೆ ಸೇರಿಸಿದಾಗ ಹಣ್ಣಿನಲ್ಲಿ ಒಟ್ಟು ಕ್ಯಾಲ್ಸಿಯಂ ಜಾಸ್ತಿಯಾಯಿತು, ತುದಿ ಕೊಳೆಯುವುದೂ ಜಾಸ್ತಿಯಾಯಿತು. ಎಲ್ಲವೂ ಉಗ್ರಾಣಕ್ಕೆ ಹೋಗಿ ಗೋಡೆಗೆ, ಪೊರೆಗೆ ಬೇಕಾದ್ದು ಸಿಗಲಿಲ್ಲ. ಈ ಪ್ರಯೋಗದ ಬಗ್ಗೆ ಓದಿದ ಮೇಲೆ ನಾನು ಗಿಡದ ಬುಡಕ್ಕೆ ಸುಣ್ಣ ಸುರಿಯುವುದನ್ನು ಬಿಟ್ಟೆ. ದಿನಾ ಒಂದೇ ಅಳತೆಯ ನೀರು, ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ, ಅಮೋನಿಯಂ ಗೊಬ್ಬರಕ್ಕೆ ರಜೆ. ಕೆಟ್ಟ ಹಣ್ಣು ಸರಿಹೋಗುವುದಿಲ್ಲ, ಕಿತ್ತುಹಾಕಿ. ಮುಂದಿನ ಗೊಂಚಲು ನೋಡಿ.

ಎಲೆಯ ಅಂಚು ಸುಟ್ಟರೆ

ಹಳೆ ಎಲೆಯ ತುದಿ, ಅಂಚು ಕಂದಾಗಿ ಒಣಗಿದರೆ ಎರಡು ಸಾಧ್ಯತೆ: ಪೊಟ್ಯಾಷಿಯಂ ಕೊರತೆ, ಇಲ್ಲವೇ ಉಪ್ಪು ಹೆಚ್ಚಾಗಿರುವುದು. ಎರಡೂ ನೋಡಲು ಒಂದೇ ಥರ, ಆದರೆ ಮದ್ದು ಪೂರ್ತಿ ಉಲ್ಟಾ. ಕುಂಡದ ಕೆಳಗೆ ಸೋರಿದ ನೀರನ್ನು ಇಸಿ ಮೀಟರಿನಲ್ಲಿ (ಕರಗಿದ ಉಪ್ಪಿನಂಶವನ್ನು ವಿದ್ಯುತ್ ಹರಿವಿನಿಂದ ತೋರಿಸುವ ಸಾಧನ) ಅಳೆಯಿರಿ. ಹಾಕಿದ ನೀರಿಗಿಂತ ತುಂಬ ಜಾಸ್ತಿ ತೋರಿಸಿದರೆ ಉಪ್ಪು ಕೂತಿದೆ ಅಂತ ಅರ್ಥ.

ಸೋಡಿಯಂ ಎಲೆಗೆ ಏರದಂತೆ ಗಿಡಗಳಲ್ಲಿ ಕಾವಲಿದೆ. ಎಸ್‌ಒಎಸ್1 ಅದನ್ನು ಬೇರಿನಿಂದ ಹೊರಗೆ ದೂಡುತ್ತದೆ, ಎಚ್‌ಕೆಟಿ ಗುಂಪಿನವು ಕ್ಸೈಲಂನಿಂದ ವಾಪಸ್ ಸೆಳೆಯುತ್ತವೆ, ಎನ್‌ಎಚ್‌ಎಕ್ಸ್ ಒಳಚೀಲದಲ್ಲಿ ಕೂಡಿಹಾಕುತ್ತದೆ. ಕಾಡು ಜಾತಿಯ ಗೋಧಿಯೊಂದರಿಂದ ಬಂದ ಎಚ್‌ಕೆಟಿ ಜೀನನ್ನು ಡ್ಯೂರಂ ಗೋಧಿಗೆ ತಂದಾಗ ಉಪ್ಪು ಮಣ್ಣಿನಲ್ಲಿ ಇಳುವರಿ 25% ಏರಿತು ಅಂತ 2012ರಲ್ಲಿ ಪ್ರಕಟವಾಯಿತು. ಮನೆಯ ಕುಂಡಕ್ಕೆ ಅಂಥದ್ದೇನೂ ಬೇಡ. ಒಳ್ಳೆಯ ನೀರು ಧಾರಾಳವಾಗಿ ಹಾಯಿಸಿ ಉಪ್ಪು ತೊಳೆಯಿರಿ. ಸೋಡಿಯಂ ಹೆಚ್ಚಿರುವ ಮಣ್ಣಿಗೆ ಜಿಪ್ಸಂ ಹಾಕಿ, ಬೇರಿನ ಸುತ್ತ ಕ್ಯಾಲ್ಸಿಯಂ ಇದ್ದರೆ ಸೋಡಿಯಂ ನುಗ್ಗುವುದು ತಗ್ಗುತ್ತದೆ.

ಇದಕ್ಕೆ ವಿರುದ್ಧ ತುದಿಯಲ್ಲಿ, ಪಿಎಚ್ 5ಕ್ಕಿಂತ ಕೆಳಗಿಳಿದ ಮಣ್ಣಿನಲ್ಲಿ, ಬೇರಿನ ತುದಿ ಮೊಂಡಾಗಿ ದಪ್ಪಗಾಗಿದ್ದರೆ ಅಲ್ಯೂಮಿನಿಯಂ ಕಾಟ. ತಡೆಯುವ ಶಕ್ತಿ ಇರುವ ಗೋಧಿ ತಳಿಗಳು ಎಎಲ್‌ಎಂಟಿ1 ಬಾಗಿಲಿನಿಂದ ಮ್ಯಾಲೇಟ್ ಎಂಬ ಸಾವಯವ ಆಮ್ಲದ ಅಂಶ ಹೊರಬಿಟ್ಟು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತವೆ. ಇಲ್ಲಿ ಮಾತ್ರ ಸುಣ್ಣ ನಿಜವಾದ ಮದ್ದು.

ಬಕೆಟ್ಟಿನ ಮೂರು ಅಳತೆ

ನೀರಲ್ಲಿ ಬೆಳೆಸುವವರಿಗೆ ಒಂದು ಅನುಕೂಲ ಇದೆ. ಬಾಗಿಲುಗಳು ಕೆಲಸ ಮಾಡುತ್ತಿವೆಯಾ ಅಂತ ಬಕೆಟ್ಟೇ ಹೇಳುತ್ತದೆ. ದಿನಾ ಒಂದೇ ಹೊತ್ತಿಗೆ ನೀರಿನ ಮಟ್ಟ, ಇಸಿ, ಪಿಎಚ್ ಬರೆದಿಡಿ. ನೀರು ಇಳಿದು ಇಸಿ ಏರಿದರೆ ದ್ರಾವಣ ಗಟ್ಟಿಯಾಗಿದೆ, ಗಿಡ ನೀರನ್ನಷ್ಟೇ ಕುಡಿಯುತ್ತಿದೆ, ಸಾದಾ ನೀರು ಸೇರಿಸಿ. ನೀರಿನ ಜೊತೆ ಇಸಿಯೂ ಇಳಿದರೆ ಗಿಡಕ್ಕೆ ಹಸಿವಿದೆ. ಪಿಎಚ್ ನಿಧಾನವಾಗಿ ಮೇಲೇರುತ್ತಿದ್ದರೆ ನೈಟ್ರೇಟ್ ಪ್ರೋಟಾನುಗಳನ್ನು ಎಳೆದುಕೊಂಡು ಒಳಗೆ ಹೋಗುತ್ತಿದೆ, ಇಳಿಯುತ್ತಿದ್ದರೆ ಅಮೋನಿಯಂ ಜಾಸ್ತಿ ಹೋಗುತ್ತಿದೆ. ಮೂರೂ ಅಲುಗಾಡದೆ ನಿಂತಿದ್ದರೆ ಗಾಬರಿಯಾಗಬೇಕಾದ್ದು ಆಗಲೇ.

ನನ್ನ ಟೊಮೆಟೊ ಬಕೆಟ್ಟಿನಲ್ಲಿ ಆಗಿದ್ದು ಅದೇ. ಬರೆದಿಟ್ಟ ಹಾಳೆ ತೆಗೆದು ನೋಡಿದರೆ ನೀರಿನ ಗೆರೆ ಇದ್ದಲ್ಲೇ ಇತ್ತು. ಇಸಿ ಬದಲಾಗಿದ್ದು ನಾನು ಗೊಬ್ಬರ ಸುರಿದಾಗ ಮಾತ್ರ.

ಸರಿಪಡಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಒಣಗಿ ಕಂದಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಮದ್ದು ಹತ್ತಲಿಲ್ಲ ಅಂದುಕೊಳ್ಳಬೇಡಿ. ಹೊಸ ಎಲೆ, ಹೊಸ ಬೇರು ಎರಡನ್ನೇ ನೋಡಿ.

ನಾನು ದ್ರಾವಣ ಚೆಲ್ಲಿ, ಅರ್ಧ ಗಟ್ಟಿಯದ್ದು ತುಂಬಿ, ಲೋಳೆಯಾದ ಬೇರುಗಳನ್ನು ಕತ್ತರಿಸಿ, ಬೇರೆ ಪಂಪ್ ಹಾಕಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ನೀರಿನ ಗೆರೆ ಅರ್ಧ ಬೆರಳು ಇಳಿದಿತ್ತು. ವಾರದ ಹೊತ್ತಿಗೆ ಕಂದು ಬೇರುಗಳ ನಡುವೆ ಬಿಳಿ ದಾರದಂಥ ಹೊಸ ತುದಿಗಳು ಕಂಡವು, ಪಿಎಚ್ 5.8ರಿಂದ 6.1ಕ್ಕೆ ಏರಿತ್ತು.